ಹೊರದೇಶದ ಬೇಸಿಗೆ ಆಟದ ಶಿಬಿರಕ್ಕೆ ಸೇವೆಗೆ ಹೊರಟವರಿಗೆ: ಕಾಸರಗೋಡಿನ ಕ್ರೈಸ್ತ ಯುವಜನರಿಗೊಂದು ಮಾರ್ಗದರ್ಶಿ

ಬೇಳ, ಕಯ್ಯಾರ್, ವರ್ಕಾಡಿ, ಮಂಜೇಶ್ವರ ಕಡೆಯ ಯುವಕ ಯುವತಿಯರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹೊರದೇಶದ ಚರ್ಚುಗಳು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆಟದ ಶಿಬಿರ ನಡೆಸುತ್ತವಲ್ಲ, ಅಲ್ಲಿಗೆ ಸ್ವಯಂಸೇವಕರಾಗಿ ಹೋಗುವುದು ಹೇಗೆ? ಯಾವ ವೀಸಾ ಬೇಕು? ಖರ್ಚು ಯಾರದ್ದು? ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ ನಡೆಯುತ್ತದಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೂ ಬಿಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಇದು ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಇಂಥ ಶಿಬಿರಗಳಿಗೆ ಸ್ಪೋರ್ಟ್ಸ್ ಮಿಷನ್ ಅನ್ನುತ್ತಾರೆ, ಅಂದರೆ ಚರ್ಚು ಅಥವಾ ಕ್ರೈಸ್ತ ಸಂಸ್ಥೆಯೊಂದು ಆಟದ ಮೂಲಕ ಮಕ್ಕಳ ಮತ್ತು ಯುವಕರ ಜೊತೆ ಮಾಡುವ ಸೇವೆ. ಇದೇನೂ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಡಾನ್ ಬಾಸ್ಕೊ ಅನ್ನುವ ಧರ್ಮಗುರು ಬೀದಿ ಹುಡುಗರನ್ನು ಸೇರಿಸಿದ್ದು ಪಾಠ, ಪ್ರಾರ್ಥನೆ, ಆಟ ಮೂರೂ ಇದ್ದ ಅಂಗಳದಲ್ಲಿ. ಅಮೆರಿಕದಲ್ಲಿ ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಆ್ಯಥ್ಲೀಟ್ಸ್ 1954ರಲ್ಲಿ, ಆ್ಯಥ್ಲೀಟ್ಸ್ ಇನ್ ಆ್ಯಕ್ಷನ್ 1966ರಲ್ಲಿ ಶುರುವಾದವು. ವಿಶ್ವ ಯುವ ದಿನವನ್ನು ಇದರ ಜೊತೆ ಬೆರೆಸಬೇಡಿ. 2023ರಲ್ಲಿ ಲಿಸ್ಬನ್‌ನಲ್ಲಿ ಆದದ್ದು, 2027ರ ಆಗಸ್ಟ್‌ನಲ್ಲಿ ಸಿಯೋಲ್‌ನಲ್ಲಿ ಆಗಲಿರುವುದು ಯುವಜನರ ಮಹಾ ಸಮಾವೇಶ. ಅಲ್ಲಿಗೆ ನೀವು ಭಾಗವಹಿಸಲು ಹೋಗುತ್ತೀರಿ. ಆಟದ ಶಿಬಿರಕ್ಕೆ ಕೆಲಸ ಮಾಡಲು ಹೋಗುತ್ತೀರಿ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಮಕ್ಕಳ ಜೊತೆ ವರ್ಷವಿಡೀ ಇರುವವರು ಅಲ್ಲಿನ ಕೋಚ್, ಅಲ್ಲಿನ ಯುವ ಸಂಘದ ಅಕ್ಕ ಅಣ್ಣಂದಿರು, ಅಲ್ಲಿನ ಫಾದರ್ ಅಥವಾ ಸಭಾಪಾಲಕರು. ನೀವು ಎರಡು ಮೂರು ವಾರ ಅವರಿಗೆ ಕೈಜೋಡಿಸಲು ಹೋಗುವವರು. ಯಾವ ಹಂತದಲ್ಲಿ ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಅಲ್ಲಿ ಉಳಿಯುವವರ ಕೆಲಸ ಹಗುರವಾಗುತ್ತದಾ, ಭಾರವಾಗುತ್ತದಾ? ಕೆಳಗೆ ಬರೆದ ಎಲ್ಲದಕ್ಕೂ ಅದೇ ಆಧಾರ.

1. ತಿಂಗಳ ಲೆಕ್ಕ ಹಾಕಿ

ನಮ್ಮ ಬೇಸಿಗೆ ಅಂದರೆ ಏಪ್ರಿಲ್, ಮೇ. ಯುರೋಪ್, ಅಮೆರಿಕದಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಆಗ ನಮ್ಮಲ್ಲಿ ಜಡಿಮಳೆ, ಕಾಲೇಜು ಶುರುವಾಗಿರುತ್ತದೆ. ಅರ್ಧದಷ್ಟು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕುಳಿತುಕೊಳ್ಳಲು ಬಿಡುವುದಿಲ್ಲ. ಡಿಗ್ರಿ ಕೊನೆಯ ಪರೀಕ್ಷೆ ಮುಗಿಸಿ ಮುಂದಿನ ಕೋರ್ಸಿಗೆ ಕಾಯುತ್ತಿರುವವರಿಗೆ ಜೂನ್, ಜುಲೈ ಒಳ್ಳೆಯ ಸಮಯ. ಓದುತ್ತಿರುವವರು ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಇರುವ ದೇಶಗಳನ್ನು ನೋಡಿ. ಶ್ರೀಲಂಕಾದಲ್ಲಿ ಹೊಸ ವರ್ಷದ ಹೊತ್ತಿಗೆ ರಜೆ ಇರುತ್ತದೆ. ಕೀನ್ಯಾದಲ್ಲಿ ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಇರುತ್ತದೆ.

ಜುಲೈಗೆ ಹೋಗಬೇಕಾದರೆ ಹಿಂದಿನ ಅಕ್ಟೋಬರ್‌ನಲ್ಲೇ ಕೆಲಸ ಶುರು ಮಾಡಿ. ಮಾರ್ಚ್‌ನಲ್ಲಿ ಕೇಳಿದರೆ ಆ ವರ್ಷ ಬಿಟ್ಟುಬಿಡಿ. ಮುಂದಿನ ವರ್ಷಕ್ಕೆ ನಿಧಾನವಾಗಿ ತಯಾರಾಗಿ.

2. ನಿಮ್ಮನ್ನು ಬರಮಾಡಿಕೊಳ್ಳುವವರನ್ನು ಹುಡುಕಿ

ಹೊರದೇಶದಲ್ಲಿ ನಿಮ್ಮನ್ನು ಕರೆಸಿ, ಉಳಿಸಿಕೊಂಡು, ಕೆಲಸ ಕೊಡುವ ಚರ್ಚು ಅಥವಾ ಸಂಸ್ಥೆಗೆ ಹೋಸ್ಟ್ ಅನ್ನುತ್ತಾರೆ. ಹೋಸ್ಟ್ ಇಲ್ಲದೆ ಹೊರಡಬಾರದು. "ಅಲ್ಲಿ ಹೋಗಿ ನೋಡಿಕೊಳ್ಳೋಣ" ಅನ್ನುವುದು ನಡೆಯುವುದಿಲ್ಲ.

ಹುಡುಕಲು ಶುರು ಮಾಡುವುದು ನಿಮ್ಮ ಚರ್ಚಿನಿಂದಲೇ. ಕಾಸರಗೋಡು ಭಾಗದ ಕೊಂಕಣಿ ಕಥೊಲಿಕರ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಐಸಿವೈಎಂ, ಅಂದರೆ ಕಥೊಲಿಕ ಯುವ ಸಂಘದ ಘಟಕ ಇದ್ದರೆ ಅಲ್ಲಿ ಮಾತಾಡಿ. ಧರ್ಮಪ್ರಾಂತ್ಯದ ಯುವ ನಿರ್ದೇಶಕರಿಗೆ ಹೊರಗಿನ ಸಂಪರ್ಕಗಳು ಇರುತ್ತವೆ. ನಮ್ಮ ಕಡೆಯ ಧರ್ಮಗುರುಗಳು, ಸಿಸ್ಟರುಗಳು ಬೇರೆ ಬೇರೆ ದೇಶಗಳಲ್ಲಿ ಸೇವೆಯಲ್ಲಿದ್ದಾರೆ, ಅವರನ್ನು ಕೇಳಿ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರು ತಮ್ಮ ಡಯಾಸಿಸ್ ಮೂಲಕ ಕೇಳಬಹುದು. ಈ ದಾರಿಯಲ್ಲಿ ಸ್ವಲ್ಪ ತಡವಾಗುತ್ತದೆ, ಆದರೆ ಮೋಸ ಆಗುವುದಿಲ್ಲ.

ಹೋಸ್ಟ್ ಸಿಕ್ಕಿದ ಮೇಲೆ ವೀಡಿಯೊ ಕರೆ ಮಾಡಿ ಇಷ್ಟನ್ನು ಕೇಳಲೇಬೇಕು. ವರ್ಷದ ಉಳಿದ ದಿನಗಳಲ್ಲಿ ಈ ಮಕ್ಕಳ ಜೊತೆ ಯಾರು ಕೆಲಸ ಮಾಡುತ್ತಾರೆ? ಶಿಬಿರ ಚರ್ಚಿನದ್ದು ಅಂತ ಮಕ್ಕಳ ತಂದೆ ತಾಯಿಗೆ ಗೊತ್ತಿದೆಯಾ? ನನ್ನಿಂದ ನಿಮಗೆ ಬೇಕಾದದ್ದು ಏನು? ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಬೇರೆ ಹೋಸ್ಟ್ ಹುಡುಕಿ. ನೀವು ಹೋದ ಮೇಲೆ ಯಾರೂ ತೆರೆಯದ ಮೈದಾನದಲ್ಲಿ ಎರಡು ವಾರ ಆಡಿಸಿ ಬಂದರೆ ಆ ಮಕ್ಕಳಿಗೆ ಏನೂ ಉಳಿಯುವುದಿಲ್ಲ.

ಮೋಸದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮಿಷನ್ ಹೆಸರಿನಲ್ಲಿ ದುಡ್ಡು ಕೀಳುವ ಏಜೆಂಟರು ಇದ್ದಾರೆ. "ಸ್ವಯಂಸೇವಕರಾಗಿ ಹೋಗಿ, ಆಮೇಲೆ ಅಲ್ಲೇ ಕೆಲಸ ಮಾಡಿಸಿಕೊಡುತ್ತೇವೆ" ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಸಲಿ ಪಾಸ್‌ಪೋರ್ಟನ್ನು ವೀಸಾ ಅರ್ಜಿ ಕೇಂದ್ರದ ಕೌಂಟರಿನಲ್ಲಿ ಅಲ್ಲದೆ ಬೇರೆ ಯಾರ ಕೈಗೂ ಕೊಡಬೇಡಿ. ದುಡ್ಡು ಕಟ್ಟುವುದಿದ್ದರೆ ಸಂಸ್ಥೆಯ ಖಾತೆಗೇ ಕಟ್ಟಿ, ವ್ಯಕ್ತಿಯ ಖಾತೆಗೆ ಬೇಡ. ಹಾಗೆಯೇ, ವೀಸಾ ಅವಧಿ ಮುಗಿದರೂ ಅಲ್ಲೇ ಉಳಿಯುವ ಯೋಚನೆ ಮನಸ್ಸಿನಲ್ಲಿದ್ದರೆ ದಯವಿಟ್ಟು ಹೋಗಬೇಡಿ. ಒಬ್ಬರು ಹಾಗೆ ಮಾಡಿದರೆ ಅದೇ ಚರ್ಚಿನಿಂದ ಮುಂದೆ ಹೊರಡುವ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

3. ಪಾಸ್‌ಪೋರ್ಟ್, ಮತ್ತು ಹೆಸರಿನ ತಾಪತ್ರಯ

ನಮ್ಮ ಜಿಲ್ಲೆ ಕೋಝಿಕ್ಕೋಡ್ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಸೇರುತ್ತದೆ. ಅರ್ಜಿ ಆನ್‌ಲೈನ್. ಆಮೇಲೆ ಕಾಸರಗೋಡಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಪಯ್ಯನ್ನೂರಿನ ಕೇಂದ್ರಕ್ಕೋ ಹೇಳಿದ ದಿನ ಹೋಗಬೇಕು. ದೊಡ್ಡವರಿಗೆ 36 ಪುಟದ ಪಾಸ್‌ಪೋರ್ಟಿಗೆ 1500 ರೂಪಾಯಿ. ಅರ್ಜಿ ತುಂಬುವುದು ಕಷ್ಟ ಅನ್ನಿಸಿದರೆ ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಆದರೆ ಕೊನೆಯ ಬಟನ್ ಒತ್ತುವ ಮೊದಲು ಪರದೆ ನೋಡಿ ಹೆಸರಿನ ಒಂದೊಂದು ಅಕ್ಷರವನ್ನೂ ನೀವೇ ಓದಿ.

ಯಾಕೆಂದರೆ ನಮ್ಮ ಕಡೆಯ ದೊಡ್ಡ ತೊಂದರೆ ಹೆಸರಿನದ್ದೇ. ಡಿಸೋಜ ಅನ್ನುವ ಒಂದು ಮನೆತನದ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಜ್ಞಾನಸ್ನಾನದ ಸರ್ಟಿಫಿಕೇಟಿನಲ್ಲಿ ಡಿ ಆದ ಮೇಲೆ ಅಪಾಸ್ಟ್ರಫಿ ಇರುತ್ತದೆ. ಆಧಾರಿನಲ್ಲಿ ಡಿ ಬೇರೆ, ಸೋಜ ಬೇರೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಎರಡೂ ಸೇರಿ ಒಂದೇ ಪದ. ಪಂಚಾಯತಿನ ಜನನ ಪತ್ರದಲ್ಲಿ ಮನೆತನದ ಹೆಸರೇ ಇಲ್ಲ, ಬರೀ ಇನಿಶಿಯಲ್. ಇಷ್ಟನ್ನೂ ತೆಗೆದುಕೊಂಡು ಹೋದರೆ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಮೊದಲು ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಎರಡನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅದರಲ್ಲಿ ಹೇಗಿದೆಯೋ ಹಾಗೆಯೇ ಟಿಕೆಟ್, ವೀಸಾ, ವಿಮೆ, ಆಹ್ವಾನ ಪತ್ರ ಎಲ್ಲದರಲ್ಲೂ ಇರಬೇಕು.

ಮಂಗಳೂರಿನಲ್ಲಿ ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಓದುವವರು ಗಮನಿಸಿ. ಕಳೆದ ಒಂದು ವರ್ಷದಲ್ಲಿ ನೀವು ಇದ್ದ ವಿಳಾಸಗಳನ್ನು ಅರ್ಜಿಯಲ್ಲಿ ತೋರಿಸಬೇಕು. ಮನೆ ಕೇರಳದಲ್ಲಿ, ಕಾಲೇಜು ಕರ್ನಾಟಕದಲ್ಲಿ ಆದರೆ ಪೊಲೀಸ್ ಪರಿಶೀಲನೆ ಎರಡೂ ಕಡೆ ಸುತ್ತಬಹುದು. ಅದಕ್ಕೂ ಸಮಯ ಇಟ್ಟುಕೊಳ್ಳಿ.

4. ವೀಸಾ: ನಿಜ ಬರೆಯಿರಿ, ಸರಿಯಾದ ಪತ್ರ ತರಿಸಿ

"ಟೂರಿಸ್ಟ್ ಅಂತ ಬರೆದರೆ ಬೇಗ ಸಿಗುತ್ತದೆ" ಅಂತ ಹೇಳುವವರು ಎಲ್ಲಾ ಕಡೆ ಸಿಗುತ್ತಾರೆ. ಕೇಳಬೇಡಿ. ಸೂಟ್‌ಕೇಸಿನಲ್ಲಿ ಹತ್ತು ಚೆಂಡು, ಸೀಟಿ ಇಟ್ಟುಕೊಂಡು ನಾನು ಪ್ರವಾಸಿ ಅಂದರೆ ಇಮಿಗ್ರೇಶನ್ ಅಧಿಕಾರಿ ನಂಬುವುದಿಲ್ಲ. ಸುವಾರ್ತೆಯ ಕೆಲಸಕ್ಕೆ ಸುಳ್ಳು ಹೇಳಿ ಹೊರಡುವುದು ಸರಿಯೂ ಅಲ್ಲ.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಜಾಸ್ತಿ ಜನ ಕೇಳುವ ಕೆಲವನ್ನು ಮಾತ್ರ ಹೇಳುತ್ತೇನೆ.

ಷೆಂಗೆನ್ ವೀಸಾ ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು, ಆದರೆ ಅಷ್ಟರವರೆಗೆ ಕಾಯಬೇಡಿ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ಅಲ್ಲಿಂದ ಹೊರಟ ಮೇಲೆ ಇನ್ನೂ ಮೂರು ತಿಂಗಳು ಅದರ ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ.

ಇಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಲಾಭಕ್ಕಲ್ಲದ ಸಂಸ್ಥೆಯ ಪ್ರತಿನಿಧಿಯಾಗಿ, ಲಾಭಕ್ಕಲ್ಲದ ಸಂಸ್ಥೆ ನಡೆಸುವ ಕ್ರೀಡೆ, ಸಾಂಸ್ಕೃತಿಕ ಅಥವಾ ಶೈಕ್ಷಣಿಕ ಕಾರ್ಯಕ್ರಮಕ್ಕೆ ಹೋಗುವವರಿಗೆ 25 ವರ್ಷ ದಾಟಿರದಿದ್ದರೆ ಷೆಂಗೆನ್ ವೀಸಾ ಶುಲ್ಕ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕಾಗಬಹುದು. ಇದು ಸಿಗಬೇಕಾದರೆ ಎರಡು ಪತ್ರ ಬೇಕು: ನೀವು ನಮ್ಮ ಪ್ರತಿನಿಧಿ ಅಂತ ಇಲ್ಲಿಯ ಚರ್ಚು ಅಥವಾ ಸಂಘದ್ದು, ಕಾರ್ಯಕ್ರಮ ನಮ್ಮದು ಅಂತ ಅಲ್ಲಿಯ ಸಂಸ್ಥೆಯದ್ದು. ಅರ್ಜಿ ಹಾಕುವಾಗಲೇ ಕೇಳಿ, ಹಣ ಕಟ್ಟಿದ ಮೇಲೆ ಅಲ್ಲ. ಜೊತೆಗೆ, ಸಂಬಳ ಇಲ್ಲದ ಸೇವೆಯನ್ನು ಕೆಲಸ ಅಂತ ಪರಿಗಣಿಸುತ್ತಾರಾ ಅನ್ನುವುದು ಆಯಾ ದೇಶಕ್ಕೆ ಬಿಟ್ಟದ್ದು. ಅದನ್ನು ಹೋಸ್ಟ್ ಮೂಲಕ ಬರವಣಿಗೆಯಲ್ಲೇ ಖಚಿತ ಮಾಡಿಕೊಳ್ಳಿ.

ಬ್ರಿಟನ್ನಿಗೆ ಸಾಮಾನ್ಯ ವಿಸಿಟರ್ ವೀಸಾದಲ್ಲಿ ಹೋದರೆ ಒಟ್ಟು 30 ದಿನದವರೆಗೆ, ನೋಂದಾಯಿತ ಚಾರಿಟಿಯಲ್ಲಿ ಮಾತ್ರ, ಸ್ವಯಂಸೇವೆ ಮಾಡಬಹುದು. ಚಾರಿಟಿ ಅಂದರೆ ಅಲ್ಲಿನ ಸರಕಾರದಲ್ಲಿ ನೋಂದಣಿಯಾದ ಧರ್ಮಾರ್ಥ ಸಂಸ್ಥೆ. ಸ್ವಯಂಸೇವೆ ನಿಮ್ಮ ಭೇಟಿಯ ಮುಖ್ಯ ಉದ್ದೇಶವೇ ಆಗಿದ್ದರೆ ಚಾರಿಟಿ ವರ್ಕರ್ ಅನ್ನುವ ಬೇರೆ ವೀಸಾ ಇದೆ. ಯಾವುದು ಬೇಕು ಅಂತ ಹೋಸ್ಟ್ ಜೊತೆ ಮೊದಲೇ ತೀರ್ಮಾನ ಮಾಡಿ.

ಅಮೆರಿಕಕ್ಕೆ ಬಿ-1 ಅನ್ನುವ ಸಂದರ್ಶಕ ವೀಸಾದಲ್ಲಿ ಧಾರ್ಮಿಕ ಅಥವಾ ಧರ್ಮಾರ್ಥ ಸಂಸ್ಥೆಯ ಸ್ವಯಂಸೇವೆಗೆ ಅವಕಾಶ ಇದೆ. ಸಂಬಳ ತೆಗೆದುಕೊಳ್ಳುವಂತಿಲ್ಲ, ಊಟ ವಸತಿಯ ಖರ್ಚನ್ನು ಆ ಸಂಸ್ಥೆ ಭರಿಸಬಹುದು. ಅಲ್ಲಿ ಏನನ್ನೂ ಮಾರುವಂತಿಲ್ಲ, ಕಾಣಿಕೆ ಎತ್ತುವಂತಿಲ್ಲ. ಊರಿನಿಂದ ಏನಾದರೂ ಒಯ್ದು ಅಲ್ಲಿನ ಚರ್ಚಿನಲ್ಲಿ ಮಾರಿ ಖರ್ಚು ತೆಗೆಯೋಣ ಅನ್ನುವವರಿದ್ದಾರೆ, ಅದು ನಿಯಮ ಮುರಿದಂತೆ. ಸಂಸ್ಥೆಯ ಪತ್ರದಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ಊರಿನ ಖಾಯಂ ವಿಳಾಸ, ಅಲ್ಲಿ ಮೊದಲು ಇಳಿಯುವ ವಿಳಾಸ, ಎಷ್ಟು ದಿನ ಇರುತ್ತೀರಿ ಅನ್ನುವುದು ಇರಬೇಕು.

ನೇಪಾಳಕ್ಕೆ ನಮಗೆ ವೀಸಾ ಬೇಡ. ಹಾಗಂತ ಅದು ಸುಲಭದ ಜಾಗ ಅಲ್ಲ. 2015ರ ಸಂವಿಧಾನದ 26ನೇ ವಿಧಿ ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. 2018ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ ಇದೆ. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡಿಪಾರು. ನೀವು ಉತ್ಸಾಹದಲ್ಲಿ ಹಂಚಿದ ಒಂದು ಕರಪತ್ರಕ್ಕೆ ಅಲ್ಲಿನ ಸಭಾಪಾಲಕರು ಕೋರ್ಟಿಗೆ ಅಲೆಯಬೇಕಾಗಬಹುದು. ಗಲ್ಫ್ ಕೂಡ ಹಾಗೆಯೇ. ಮಾವನೋ ಚಿಕ್ಕಮ್ಮನೋ ದುಬೈಯಲ್ಲಿದ್ದಾರೆ ಅಂತ ಹೋಗಿ ಪಾರ್ಕಿನಲ್ಲಿ ಮಕ್ಕಳನ್ನು ಸೇರಿಸಿ ಆಟ, ಪ್ರಾರ್ಥನೆ ಅಂತ ಶುರು ಮಾಡಬೇಡಿ. ಮುಸ್ಲಿಮರಲ್ಲಿ ಧರ್ಮಪ್ರಚಾರ ಅಲ್ಲಿ ಅಪರಾಧ. ಏನಿದ್ದರೂ ಚರ್ಚಿನ ಆವರಣದ ಒಳಗೆ, ಚರ್ಚಿನ ಮಕ್ಕಳಿಗೆ, ಅಲ್ಲಿನ ಧರ್ಮಗುರುಗಳ ಒಪ್ಪಿಗೆಯಿಂದ.

5. ಮಕ್ಕಳ ಸುರಕ್ಷತೆಯ ನಿಯಮಗಳು

ಸೇಫ್‌ಗಾರ್ಡಿಂಗ್ ಅನ್ನುವ ಮಾತು ನಿಮಗೆ ಬರುವ ಪ್ರತಿ ಇಮೇಲಿನಲ್ಲೂ ಇರುತ್ತದೆ. ಮಕ್ಕಳ ಮೇಲೆ ಯಾವ ರೀತಿಯ ದೌರ್ಜನ್ಯವೂ ಆಗದಂತೆ ಮೊದಲೇ ಹಾಕಿಕೊಳ್ಳುವ ಕಟ್ಟುಪಾಡು ಅದು. ಹೋಸ್ಟ್ ಅದರ ಬಗ್ಗೆ ಏನನ್ನೂ ಕೇಳದಿದ್ದರೆ ಅಂಥ ಹೋಸ್ಟ್ ಬೇಡ.

ಮೊದಲು ಪಿಸಿಸಿ ಮಾಡಿಸಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇಲ್ಲ ಅನ್ನುವ ಪತ್ರ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ, ಶುಲ್ಕ 500 ರೂಪಾಯಿ. ಜೊತೆಗೆ ನಿಮ್ಮ ಫಾದರ್ ಅಥವಾ ಸಭಾಪಾಲಕರ ಪತ್ರ. "ಒಳ್ಳೆಯ ಹುಡುಗ" ಅಂತ ಒಂದು ಸಾಲು ಬರೆಸಿಕೊಂಡರೆ ಪ್ರಯೋಜನ ಇಲ್ಲ. ಎಷ್ಟು ವರ್ಷದಿಂದ ಗೊತ್ತು, ಮಕ್ಕಳ ಜೊತೆ ಯಾವ ಕೆಲಸ ಮಾಡಿದ್ದಾರೆ ಅನ್ನುವುದು ಇರಲಿ. ನಿಮಗೆ 18 ಆಗಿರದಿದ್ದರೆ ತಂದೆ ತಾಯಿ ಇಬ್ಬರೂ ಸಹಿ ಹಾಕಿದ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. 18 ತುಂಬುವವರೆಗೆ ಕಾಯುವುದೇ ಉತ್ತಮ ಅನ್ನುವುದು ನನ್ನ ಅಭಿಪ್ರಾಯ.

ಮೈದಾನದಲ್ಲಿ ಮುರಿಯಬಾರದ ನಿಯಮಗಳು ಕೆಲವೇ. ಯಾವ ಮಗುವಿನ ಜೊತೆಯೂ ಒಬ್ಬರೇ ಮುಚ್ಚಿದ ಕೋಣೆಯಲ್ಲಿ, ಕಾರಿನಲ್ಲಿ ಇರಬಾರದು. ಬಟ್ಟೆ ಬದಲಿಸುವ ಕಡೆ ಹೋಗಬಾರದು. ಮಕ್ಕಳಿಗೆ ನಿಮ್ಮ ವಾಟ್ಸಾಪ್ ನಂಬರ್, ಇನ್‌ಸ್ಟಾಗ್ರಾಮ್ ಕೊಡಬಾರದು. ತಂದೆ ತಾಯಿಯ ಬರವಣಿಗೆಯ ಒಪ್ಪಿಗೆ ಇಲ್ಲದೆ ಫೋಟೊ ಹಾಕಬಾರದು. ಮಗು ಏನಾದರೂ ಕೆಟ್ಟದಾಗಿದೆ ಅಂತ ಹೇಳಿಕೊಂಡರೆ ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬೇಡಿ. ಸಮಾಧಾನದಿಂದ ಕೇಳಿ, ಪ್ರಶ್ನೆ ಮೇಲೆ ಪ್ರಶ್ನೆ ಹಾಕದೆ, ಅದೇ ದಿನ ಶಿಬಿರದ ಸುರಕ್ಷತಾ ಜವಾಬ್ದಾರಿ ಹೊತ್ತವರಿಗೆ ತಿಳಿಸಿ.

6. ಊರಿನಲ್ಲೇ ಒಂದು ಶಿಬಿರ ನಡೆಸಿ

ಎಲ್ಲದಕ್ಕಿಂತ ಮುಖ್ಯ ಹಂತ ಇದು, ಜಾಸ್ತಿ ಜನ ಹಾರಿಸಿಬಿಡುವುದೂ ಇದನ್ನೇ. ಹೊರಡುವ ಮೊದಲು ಏಪ್ರಿಲ್ ರಜೆಯಲ್ಲಿ ನಿಮ್ಮ ಚರ್ಚಿನ ಮೈದಾನದಲ್ಲಿ ಇಪ್ಪತ್ತು ಮಕ್ಕಳಿಗೆ ಮೂರು ದಿನದ ಆಟದ ಶಿಬಿರ ನಡೆಸಿ. ಮುರಕಲ್ಲಿನ ನೆಲವಾದರೂ ಸರಿ, ಅಡಿಕೆ ಒಣಗಿಸುವ ಅಂಗಳವಾದರೂ ಸರಿ. ಸ್ವಂತ ಊರಿನ ಮಕ್ಕಳನ್ನು ಮೂರು ದಿನ ಹಿಡಿದಿಡಲು ಆಗದವರಿಗೆ ಭಾಷೆ ಗೊತ್ತಿಲ್ಲದ ಊರಿನಲ್ಲಿ ಖಂಡಿತ ಆಗುವುದಿಲ್ಲ.

ಒಂದು ಗಂಟೆಯನ್ನು ಹೀಗೆ ಹಂಚಿ. ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡುವ ಓಟ, ಆಮೇಲೆ ಇಪ್ಪತ್ತು ನಿಮಿಷ ಒಂದೇ ಒಂದು ಕೌಶಲ, ಇಪ್ಪತ್ತು ನಿಮಿಷ ಆಟ, ಕೊನೆಯ ಹತ್ತು ನಿಮಿಷ ನೀರು ಮತ್ತು ಮಾತು. ಕೌಶಲ ಒಂದೇ ಇರಲಿ. ಚೆಂಡನ್ನು ಪಾದದ ಒಳಬದಿಯಿಂದ ತಳ್ಳುವುದು ಅಂದರೆ ಅಷ್ಟೇ. ಮಕ್ಕಳನ್ನು ಕೂರಿಸಿ ಮಾತಾಡುವಾಗ ಬಿಸಿಲು ಅವರ ಬೆನ್ನಿಗೆ ಬೀಳಲಿ, ನಿಮ್ಮ ಮುಖಕ್ಕೆ ಬಿದ್ದರೆ ಪರವಾಗಿಲ್ಲ. ಕಣ್ಣಿಗೆ ಬಿಸಿಲು ಹೊಡೆದರೆ ಮಗು ನಿಮ್ಮನ್ನು ನೋಡುವುದೇ ಇಲ್ಲ.

ಔಟ್ ಆದವರು ಹೊರಗೆ ಕೂರಬೇಕು ಅನ್ನುವ ಆಟಗಳನ್ನು ಬದಲಿಸಿಕೊಳ್ಳಿ. ಆಟ ಬಾರದ ಮಗು ಎಲ್ಲರಿಗಿಂತ ಮೊದಲು ಔಟ್ ಆಗುತ್ತದೆ, ಎಲ್ಲರಿಗಿಂತ ಹೆಚ್ಚು ಹೊತ್ತು ಸುಮ್ನೆ ಕೂರುತ್ತದೆ. ಅಭ್ಯಾಸ ಬೇಕಾದದ್ದು ಅದಕ್ಕೇ ಅಲ್ವಾ? ಔಟ್ ಆದವರು ಗೆರೆಯ ಆಚೆ ಹತ್ತು ಸಲ ಕುಪ್ಪಳಿಸಿ ಮತ್ತೆ ಒಳಗೆ ಬರಲಿ.

ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಅಲ್ಲಿನವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನೀವು ಒಯ್ಯಬಹುದಾದದ್ದು ಕಬಡ್ಡಿ, ಲಗೋರಿ, ಖೋ ಖೋ. ದೊಡ್ಡ ಸಲಕರಣೆ ಬೇಡ, ಭಾಷೆ ಬೇಡ, ಎಲ್ಲರೂ ಸಮಾನವಾಗಿ ಹೊಸಬರು. ಹಗ್ಗಜಗ್ಗಾಟವನ್ನಂತೂ ವಿವರಿಸಬೇಕಾದದ್ದೇ ಇಲ್ಲ. ಕಬಡ್ಡಿಯ ಅಧಿಕೃತ ಅಂಕಣ ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹತ್ತು ವರ್ಷದ ಮಕ್ಕಳಿಗೆ ಅದರ ಅರ್ಧ ಸಾಕು. ಆದರೆ ನಾವು ಇಲ್ಲಿ ಆಡುವ ಹಾಗೆ ಹಿಡಿದು ಕೆಡವುವ ಕಬಡ್ಡಿ ಅಲ್ಲಿ ಬೇಡ. ಮೈ ಮುಟ್ಟುವ ಆಟಕ್ಕೆ ಎಷ್ಟೋ ಕಡೆ ತಂದೆ ತಾಯಿ ಒಪ್ಪುವುದಿಲ್ಲ, ಸುರಕ್ಷತಾ ನಿಯಮವೂ ಬಿಡುವುದಿಲ್ಲ. ಒಂದು ದಾರಿ ಇದೆ. ಪ್ರತಿ ಮಗುವಿನ ಸೊಂಟಕ್ಕೆ, ಹಿಂಬದಿಯಲ್ಲಿ, ಒಂದು ಗೇಣು ಉದ್ದದ ಬಟ್ಟೆಯ ಪಟ್ಟಿ ಸಿಕ್ಕಿಸಿ. ಪಟ್ಟಿಯ ಮುಕ್ಕಾಲು ಭಾಗ ಹೊರಗೆ ನೇತಾಡಲಿ. ರೈಡಿಗೆ ಬಂದವರು ಎದುರಾಳಿಯ ಪಟ್ಟಿ ಎಳೆದು ತಮ್ಮ ಕಡೆಗೆ ಓಡಬೇಕು, ಹಿಡಿಯುವವರು ರೈಡರ್‌ನ ಪಟ್ಟಿ ಎಳೆಯಬೇಕು. ಕಬಡ್ಡಿ ಕಬಡ್ಡಿ ಅಂತ ಉಸಿರು ಬಿಡದೆ ಹೇಳುವುದು ಹಾಗೆಯೇ ಇರಲಿ, ಮಕ್ಕಳಿಗೆ ಅದೇ ಇಷ್ಟ. ಹಳೆಯ ಪಂಚೆ ಹರಿದರೆ ಇಡೀ ಶಿಬಿರಕ್ಕೆ ಸಾಕಾಗುವಷ್ಟು ಪಟ್ಟಿ ಆಗುತ್ತದೆ. ಲಗೋರಿಗೆ ಟೆನಿಸ್ ಚೆಂಡು ಬೇಡ, ಸ್ಪಂಜಿನ ಚೆಂಡು ಇರಲಿ. ತಲೆಗೆ ಹೊಡೆದರೆ ಔಟ್ ಇಲ್ಲ ಅಂತ ಮೊದಲೇ ಹೇಳಿ.

ಪ್ರಥಮ ಚಿಕಿತ್ಸೆಯನ್ನು ನರ್ಸಿಂಗ್ ಓದಿದ ಯಾರಿಂದಾದರೂ ಕಲಿಯಿರಿ. ನಮ್ಮ ಪ್ರತಿ ಚರ್ಚಿನಲ್ಲೂ ಒಬ್ಬರಾದರೂ ಇರುತ್ತಾರೆ. ಕಾಲು ಉಳುಕಿದರೆ ಊರಿನ ಹಾಗೆ ಎಣ್ಣೆ ಹಚ್ಚಿ ಎಳೆಯುವುದು, ತಿಕ್ಕುವುದು ಬೇಡ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಬ್ಯಾಂಡೇಜ್ ಕಟ್ಟಿ, ಕಾಲು ಎತ್ತರದಲ್ಲಿಡಿ. ತಲೆಗೆ ಪೆಟ್ಟು ಬಿದ್ದ ಮಗು ಎಷ್ಟೇ ಹಟ ಮಾಡಿದರೂ ಆ ದಿನ ಮತ್ತೆ ಆಡಬಾರದು.

7. ದುಡ್ಡು

ಸಾಮಾನ್ಯವಾಗಿ ವಿಮಾನ, ವೀಸಾ, ವಿಮೆ ನಿಮ್ಮದು, ಊಟ ವಸತಿ ಹೋಸ್ಟಿನದ್ದು. ಇದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಮಂಗಳೂರು ಮತ್ತು ಕಣ್ಣೂರು ಎರಡೂ ವಿಮಾನ ನಿಲ್ದಾಣಗಳ ದರ ನೋಡಿ, ಗಲ್ಫ್ ಮೂಲಕ ಬದಲಾಯಿಸಿಕೊಂಡು ಹೋಗುವುದು ಹಲವು ಸಲ ಅಗ್ಗ. ವೀಸಾ ಆಗುವ ಮೊದಲು ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಹಣ ಕೂಡಿಸಲು ನಮ್ಮ ಕಡೆ ಒಳ್ಳೆಯ ದಾರಿಗಳಿವೆ. ಚರ್ಚಿನ ಹಬ್ಬದ ದಿನ ಸನ್ನ, ಚಟ್ನಿಯ ಸ್ಟಾಲ್ ಹಾಕಿ. ಅಂಡರ್ ಆರ್ಮ್ ಕ್ರಿಕೆಟ್ ಅಥವಾ ವಾಲಿಬಾಲ್ ಪಂದ್ಯಾಟ ಮಾಡಿ. ಕೊಟ್ಟವರ ಹೆಸರು, ಮೊತ್ತ ಒಂದು ಪುಸ್ತಕದಲ್ಲಿ ಬರೆದಿಡಿ. ಸಾಲ ಮಾಡಿ ಹೋಗಬೇಡಿ, ಅಮ್ಮನ ಬಂಗಾರ ಅಡವಿಡಬೇಡಿ. ದೇವರ ಸೇವೆಗೆ ಅಂತ ಹೋಗಿ ಮನೆಯವರ ಮೇಲೆ ಬಡ್ಡಿ ಹೊರಿಸುವುದು ನ್ಯಾಯವಲ್ಲ.

ಒಂದು ಕಾನೂನಿನ ವಿಷಯ. ಹೊರದೇಶದ ಸಂಸ್ಥೆ "ನಿಮ್ಮ ಖರ್ಚಿಗೆ ನಿಮ್ಮ ಚರ್ಚಿನ ಖಾತೆಗೆ ದುಡ್ಡು ಹಾಕುತ್ತೇವೆ" ಅಂದರೆ ಒಪ್ಪಬೇಡಿ. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ನೋಂದಣಿ ಇದ್ದರೂ ಹಣ ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೆ ಮಾತ್ರ. ನಿಮ್ಮ ಒಂದು ಪ್ರಯಾಣಕ್ಕಾಗಿ ಫಾದರ್ ಕಾನೂನು ತೊಂದರೆಗೆ ಸಿಕ್ಕಬಾರದು. ಹೋಸ್ಟ್ ತನ್ನ ಪಾಲನ್ನು ಅಲ್ಲೇ, ಊಟ ವಸತಿಯ ರೂಪದಲ್ಲಿ ಭರಿಸಲಿ.

8. ಲಸಿಕೆ, ವಿಮೆ, ಚೀಲ

ಕೀನ್ಯಾ, ಉಗಾಂಡದಂಥ ದೇಶಗಳಿಗೆ ಹೋಗುವುದಿದ್ದರೆ ಹಳದಿ ಜ್ವರದ ಲಸಿಕೆ ಬೇಕು. ಸರಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು. ಆ ಸರ್ಟಿಫಿಕೇಟ್ ಜೀವಮಾನಕ್ಕೆ ನಡೆಯುತ್ತದೆ. ಅದಿಲ್ಲದೆ ಮರಳಿ ಬಂದರೆ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಷೆಂಗೆನ್‌ಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೇರೆ ದೇಶಕ್ಕೂ ವಿಮೆ ಇಲ್ಲದೆ ಹೋಗಬೇಡಿ. ಸಣ್ಣಕ್ಷರದಲ್ಲಿ ಏನು ಬರೆದಿದೆ ಅಂತ ಓದಿ. ಕ್ರೀಡೆಯಲ್ಲಿ ಆದ ಗಾಯಕ್ಕೆ ಪರಿಹಾರ ಇಲ್ಲ ಅಂತ ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ಹಾಗಿದ್ದರೆ ಆ ಪಾಲಿಸಿಯಿಂದ ನಿಮಗೇನು ಪ್ರಯೋಜನ?

ಚೀಲಕ್ಕೆ: ಗಾಳಿ ತೆಗೆದ ಚೆಂಡು, ಪಂಪ್ ಮತ್ತು ಸೂಜಿ ಚೆಕ್-ಇನ್ ಚೀಲದಲ್ಲಿ, ಸೀಟಿ, ಬಟ್ಟೆ ಪಟ್ಟಿಗಳು, ಎರಡು ಬಣ್ಣದ ಬಿಬ್. ಬಿಬ್ ಅಂದರೆ ತಂಡ ಗುರುತಿಸಲು ಅಂಗಿಯ ಮೇಲೆ ಹಾಕುವ ತೋಳಿಲ್ಲದ ತೆಳು ಬಟ್ಟೆ. ಎಲ್ಲಾ ಪತ್ರಗಳ ಪ್ರತಿ ಒಂದು ಕಾಗದದಲ್ಲಿ, ಒಂದು ಫೋನಿನಲ್ಲಿ, ಒಂದು ಮನೆಯಲ್ಲಿ. ಭಾರತದ ರಾಯಭಾರ ಕಚೇರಿಯ ನಂಬರನ್ನು ಕಾಗದದ ಮೇಲೂ ಬರೆದಿಡಿ.

9. ಅಲ್ಲಿ ಇಳಿದ ಮೇಲೆ

ಮೊದಲ ಎರಡು ದಿನ ನೋಡಿ, ಕೇಳಿ. ನೀರಿನ ಬಾಟಲಿ ತುಂಬಿ, ಗೆರೆ ಎಳೆಯಿರಿ, ಮಕ್ಕಳ ಹೆಸರು ಕಲಿಯಿರಿ. ಅಲ್ಲಿನ ಕೋಚ್ ಕಲಿಸುವ ರೀತಿ ನಿಮಗೆ ಸರಿ ಕಾಣದಿದ್ದರೂ ಮಕ್ಕಳ ಎದುರು ತಿದ್ದಬೇಡಿ. ಜೂನ್‌ನಲ್ಲಿ ಉತ್ತರ ಯುರೋಪಿನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಗಡಿಯಾರ ನೋಡಿ ಮಲಗಿ.

ಭಾಷೆಯ ಭಯ ಬೇಡ. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಮಾತಾಡಿ ಬೆಳೆದವರು ನಾವು. ಹೊಸ ಭಾಷೆಯ ಮೂವತ್ತು ಮಾತು ಕಲಿಯುವುದು ನಮಗೆ ಕಷ್ಟ ಅಲ್ಲ. ಓಡು, ನಿಲ್ಲು, ಪಾಸ್ ಮಾಡು, ಶಹಬಾಸ್, ಪೆಟ್ಟಾಯಿತಾ, ನೀರು ಕುಡಿ, ನಿನ್ನ ಸರದಿ. ಇವನ್ನು ಹೊರಡುವ ಮೊದಲೇ ಬಾಯಿಪಾಠ ಮಾಡಿ. ತಲಶ್ಶೇರಿಯಲ್ಲಿದ್ದ ಮಲಯಾಳ ನಿಘಂಟಿನ ಗುಂಡರ್ಟ್, ನಮ್ಮ ಈಚೆ ಮಂಗಳೂರಿನಲ್ಲಿದ್ದ ಕನ್ನಡ ನಿಘಂಟಿನ ಕಿಟ್ಟೆಲ್, ಬಾಸೆಲ್ ಮಿಷನ್ನಿನ ಇಬ್ಬರೂ ಊರಿನ ಭಾಷೆ ಕಲಿಯುವುದಕ್ಕೆ ಎಷ್ಟು ವರ್ಷ ಕೊಟ್ಟರು ಅಂತ ನಮಗೆ ಗೊತ್ತಿದೆ. ನೀವು ಎರಡು ತಿಂಗಳು ಕೊಟ್ಟರೆ ಸಾಕು.

ಈಗ ನಂಬಿಕೆಯ ಮಾತು. ನಿಮಗೆ ಸಾಕ್ಷಿ ಹೇಳಲು ಕರೆಯಬಹುದು. ಸಾಕ್ಷಿ ಅಂದರೆ ದೇವರು ನಿಮ್ಮ ಬದುಕಿನಲ್ಲಿ ಮಾಡಿದ್ದನ್ನು ನಿಮ್ಮದೇ ಮಾತಿನಲ್ಲಿ ಹೇಳುವುದು. ಮೂರು ನಿಮಿಷ ಸಾಕು. ಅನುವಾದ ಮಾಡುವವರಿದ್ದರೆ ಒಂದು ವಾಕ್ಯ ಹೇಳಿ ನಿಲ್ಲಿಸಿ, ಅವರು ಮುಗಿಸಿದ ಮೇಲೆ ಮುಂದಿನದು. ನಿಮಗೆ ನಿಜವಾಗಿ ಆದದ್ದನ್ನೇ ಹೇಳಿ, ದೊಡ್ಡದು ಮಾಡಬೇಡಿ. ಪರೀಕ್ಷೆಯಲ್ಲಿ ಫೇಲಾದ ವರ್ಷ ಪ್ರಾರ್ಥನೆ ಹೇಗೆ ಆಧಾರವಾಯಿತು ಅನ್ನುವುದು ಹದಿನಾಲ್ಕರ ಹುಡುಗನಿಗೆ ಸರಿಯಾಗಿ ತಲುಪುತ್ತದೆ.

ಒಂದು ಕೆಲಸ ಮಾತ್ರ ಎಂದಿಗೂ ಮಾಡಬೇಡಿ. ಪ್ರಾರ್ಥನೆಗೆ ಕೈ ಎತ್ತಿದವರಿಗೆ ಚಾಕಲೇಟು, ಬೈಬಲ್ ವಾಕ್ಯ ಹೇಳಿದವರಿಗೆ ಮೊದಲು ಬ್ಯಾಟಿಂಗ್, ಇಂಥದ್ದು ಬೇಡ. ಆಟವನ್ನು ಗಾಳದ ಎರೆ ಮಾಡಿಕೊಂಡರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಪ್ರಾರ್ಥನೆಗೆ ಕೂರದ ಮಗುವಿಗೂ ತಂಡದಲ್ಲಿ ಅದೇ ಜಾಗ, ಅದೇ ಚೆಂಡು, ಅದೇ ಶಹಬಾಸ್. ನಾವು ನಂಬುವ ಪ್ರೀತಿಗೆ ಷರತ್ತು ಇಲ್ಲ ಅಂದಮೇಲೆ ಮೈದಾನದಲ್ಲೂ ಇರಬಾರದು.

ಹೊರಡುವ ಹಿಂದಿನ ದಿನ ಮಕ್ಕಳು "ಮುಂದಿನ ವರ್ಷ ಬರ್ತೀರಾ?" ಅಂತ ಕೇಳುತ್ತಾರೆ. ಖಚಿತ ಇಲ್ಲದಿದ್ದರೆ ಬರುತ್ತೇನೆ ಅನ್ನಬೇಡಿ. ಶೂ ಕಳಿಸುತ್ತೇನೆ, ಫೀಸು ಕಟ್ಟುತ್ತೇನೆ ಅಂತ ಒಬ್ಬ ಮಗುವಿಗೆ ಮಾತು ಕೊಡಬೇಡಿ. ಕೊಡುವ ಮನಸ್ಸಿದ್ದರೆ ಹೋಸ್ಟ್ ಜೊತೆ ಮಾತಾಡಿ. ಚೆಂಡು, ಬಿಬ್, ಪಟ್ಟಿ ಎಲ್ಲವನ್ನೂ ಅಲ್ಲಿನ ಕೋಚ್ ಕೈಗೆ ಒಪ್ಪಿಸಿ. ಕಬಡ್ಡಿಯ ನಿಯಮಗಳನ್ನು ಚಿತ್ರ ಸಮೇತ ಒಂದು ಹಾಳೆಯಲ್ಲಿ ಬರೆದುಕೊಡಿ. ಕೊನೆಯ ಎರಡು ದಿನದ ಆಟವನ್ನು ಅವರೇ ನಡೆಸಲಿ, ನೀವು ಬದಿಯಲ್ಲಿ ನಿಲ್ಲಿ.

10. ಮರಳಿ ಬಂದ ಮೇಲೆ

ಒಂದು ತಿಂಗಳೊಳಗೆ ದಾನಿಗಳಿಗೆ ಒಂದು ಪುಟದ ಲೆಕ್ಕ ಕೊಡಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿಯಿತು. ಉಳಿದದ್ದನ್ನು ಮುಂದೆ ಹೋಗುವವರ ಖರ್ಚಿಗೆ ಚರ್ಚಿನಲ್ಲಿ ಇಡಿ. ಭಾನುವಾರ ಪೂಜೆಯ ನಂತರ ಮಾತಾಡಲು ಹೇಳಿದರೆ ಆ ದೇಶದ ಬಡತನದ ಫೋಟೊ ತೋರಿಸುವುದಕ್ಕಿಂತ ಅಲ್ಲಿನ ಕೋಚ್ ಏನೇನು ಮಾಡುತ್ತಿದ್ದಾರೆ ಅಂತ ಹೇಳಿ. ಹೋಸ್ಟಿನ ಹೆಸರು, ವೀಸಾಕ್ಕೆ ಬೇಕಾದ ಪತ್ರಗಳ ಮಾದರಿ, ತಗಲಿದ ಖರ್ಚು, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಯುವ ಸಂಘದ ಕಾರ್ಯದರ್ಶಿಗೆ ಕೊಡಿ. ಮುಂದಿನ ಅಕ್ಟೋಬರ್‌ನಲ್ಲಿ ಅರ್ಜಿ ಹಾಕುವವರು ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ.